ಗೊಬ್ಬರದ ಚೀಲದ ಇಂಗ್ಲಿಷ್: ಎಷ್ಟರಲ್ಲಿ ಎಷ್ಟು?

ಸಂಡೂರು ತಾಲ್ಲೂಕಿನ ಯಶವಂತನಗರದ ಸುತ್ತಮುತ್ತಲಿನ ರೈತರಿಗೆ ‘ಗ್ರೇಡ್’ ಎಂಬ ಮಾತು ಹೊಸದಲ್ಲ. ಅದಿರಿನ ಸೀಮೆಯಲ್ಲಿ ಅರವತ್ತರ ಗ್ರೇಡ್ ಎಂದರೆ ನೂರು ಕಿಲೋ ಅದಿರಿನಲ್ಲಿ 60 ಕಿಲೋ ಕಬ್ಬಿಣ, ಉಳಿದದ್ದು ಬೇರೆ ವಸ್ತು ಎಂದು ಲಾರಿಯ ಕ್ಲೀನರನೂ ಹೇಳಬಲ್ಲ. ಆದರೆ ಗೊಬ್ಬರದ ಚೀಲದ ಮುಂದೆ ನಿಂತಾಗ ಇದೇ ತಿಳಿವಳಿಕೆಯನ್ನು ಮರೆಯುತ್ತೇವೆ. ಸಂಖ್ಯೆಯನ್ನು ಓದಿ, ಅದರ ಪಕ್ಕದ ಇಂಗ್ಲಿಷ್ ಶಬ್ದವನ್ನು ಬಿಟ್ಟುಬಿಡುತ್ತೇವೆ. ಇದರಿಂದ ಹಣವೂ ಬೆಳೆಯೂ ಹಾಳಾಗುತ್ತವೆ.

ಪಾಲನ್ನು ಹೇಳುವ ಯಾವ ಮಾತೇ ಇರಲಿ, ಎರಡು ಪ್ರಶ್ನೆ ಕೇಳಬೇಕು: ಎಷ್ಟು? ಎಷ್ಟರಲ್ಲಿ? ನಮ್ಮ ಹಿರಿಯರು ಬರಿಯ ‘ಕಾಲು’ ಎಂದು ಹೇಳುತ್ತಿರಲಿಲ್ಲ. ಕಾಲು ಎಕರೆ ಎಂದರೆ 10 ಗುಂಟೆ, ಕಾಲು ಸೇರು ಎಂದರೆ ಒಂದು ಪಾವು. ಇಂಗ್ಲಿಷ್ ಶಬ್ದಗಳಿಗೂ ಇದೇ ನಿಯಮ.

ಪರ್ಸೆಂಟ್

ಇದು ನಮ್ಮ ಶೇಕಡಾ, ಅಂದರೆ ನೂರರಲ್ಲಿ ಇಷ್ಟು. ಯೂರಿಯಾದಲ್ಲಿ ಸಾರಜನಕ 46 ಪರ್ಸೆಂಟ್ ಇದೆ. 2018ರಿಂದ ಬೇವು ಲೇಪಿತ ಯೂರಿಯಾ 50 ಕಿಲೋ ಚೀಲಕ್ಕೆ ಬದಲಾಗಿ 45 ಕಿಲೋ ಚೀಲದಲ್ಲಿ ಬರುತ್ತಿದೆ. ಹಿಂದಿನ ಚೀಲದಲ್ಲಿ 23 ಕಿಲೋ ಸಾರಜನಕವಿತ್ತು, ಈಗಿನದರಲ್ಲಿ 20.7 ಕಿಲೋ ಇದೆ. ಪರ್ಸೆಂಟ್ ಬದಲಾಗಿಲ್ಲ, ಚೀಲ ಬದಲಾಗಿದೆ. ಚೀಲ ಎಣಿಸಿ ಗೊಬ್ಬರ ಹಾಕುವವರು ಇದನ್ನು ನೆನಪಿಡಬೇಕು.

ರೇಶಿಯೋ

ಒಂದಕ್ಕೊಂದು ಇರಬೇಕಾದ ಪ್ರಮಾಣವೇ ರೇಶಿಯೋ. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಹೆಕ್ಟೇರಿಗೆ 100:50:25 ಎಂಬ ಶಿಫಾರಸು ಇದೆ ಎಂದುಕೊಳ್ಳೋಣ. ಇವು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಕಿಲೋಗಳು, ಗೊಬ್ಬರದ ಕಿಲೋಗಳಲ್ಲ. ಚೀಲದ ಮೇಲಿನ 17:17:17 ಕಿಲೋ ಅಲ್ಲ, ಪರ್ಸೆಂಟ್. ನೋಡಲು ಎರಡೂ ಒಂದೇ ಬಗೆ, ಅರ್ಥ ಬೇರೆ.

‘ಪರ್ ಹೆಕ್ಟೇರ್’ ಎಂದಿದ್ದರೆ ಎರಡೂವರೆಯಿಂದ ಭಾಗಿಸಿ ಎಕರೆಗೆ ತನ್ನಿ. ಆಗ 40:20:10 ಸಿಗುತ್ತದೆ. ಇದರ ರೇಶಿಯೋ 4:2:1. 17:17:17ರ ರೇಶಿಯೋ 1:1:1. ಬೇಕಾದ 20 ಕಿಲೋ ರಂಜಕವನ್ನು ಈ ಚೀಲದಿಂದಲೇ ಕೊಡಹೊರಟರೆ ಸುಮಾರು 118 ಕಿಲೋ ಬೇಕು. ಅದರೊಡನೆ ಪೊಟ್ಯಾಷೂ 20 ಕಿಲೋ ಬೀಳುತ್ತದೆ, ಅಂದರೆ ಬೇಕಾದುದರ ಎರಡರಷ್ಟು. ಸಾರಜನಕ ಮಾತ್ರ ಅರ್ಧದಷ್ಟೇ ಸಿಗುತ್ತದೆ.

ಡಿ.ಎ.ಪಿ.ಯಲ್ಲಿ ಸಾರಜನಕ ಶೇಕಡಾ 18, ರಂಜಕ ಶೇಕಡಾ 46 ಇವೆ. 43.5 ಕಿಲೋ ಡಿ.ಎ.ಪಿ. ಹಾಕಿದರೆ 20 ಕಿಲೋ ರಂಜಕದ ಜೊತೆಗೆ ಸುಮಾರು 8 ಕಿಲೋ ಸಾರಜನಕವೂ ದೊರೆಯುತ್ತದೆ. ಉಳಿದ 32 ಕಿಲೋ ಸಾರಜನಕಕ್ಕೆ 70 ಕಿಲೋ ಯೂರಿಯಾ ಸಾಕು. ಪೊಟ್ಯಾಷ್‌ಗೆ ಶೇಕಡಾ 60ರ ಮ್ಯುರಿಯೇಟ್ ಆಫ್ ಪೊಟ್ಯಾಷ್ 17 ಕಿಲೋ ಬೇಕು.

ಹಾಫ್ ಡೋಸ್

ಹಾಫ್ ಎಂದರೆ ಅರ್ಧ. ಯಾವುದರ ಅರ್ಧ? ಬಿತ್ತುವಾಗ ಸಾರಜನಕದ ಹಾಫ್ ಡೋಸ್ ಕೊಡಬೇಕೆಂದು ಸಲಹೆಯಿದ್ದರೆ ಕೆಲವರು ಯೂರಿಯಾದ ಅರ್ಧ, ಅಂದರೆ 35 ಕಿಲೋ ಹಾಕುತ್ತಾರೆ. ಇದು ತಪ್ಪು. ಅರ್ಧ ಸಾರಜನಕ 20 ಕಿಲೋ. ಅದರಲ್ಲಿ 8 ಕಿಲೋ ಡಿ.ಎ.ಪಿ.ಯಿಂದಲೇ ಬಂದಿದೆ. ಉಳಿದ 12 ಕಿಲೋಗೆ 26 ಕಿಲೋ ಯೂರಿಯಾ ಸಾಕು. ಮಿಕ್ಕ 44 ಕಿಲೋವನ್ನು ಮೇಲುಗೊಬ್ಬರಕ್ಕೆ ಇಟ್ಟುಕೊಳ್ಳಬೇಕು.

ಪಿ.ಪಿ.ಎಂ.

ಪಾರ್ಟ್ಸ್ ಪರ್ ಮಿಲಿಯನ್ ಎಂಬುದರ ಚಿಕ್ಕ ರೂಪವಿದು. ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ ಎಂದರ್ಥ. 10,000 ಪಿ.ಪಿ.ಎಂ. ಎಂದರೆ ಶೇಕಡಾ 1. ಬೇವಿನ ಕೀಟನಾಶಕ 1,500 ಪಿ.ಪಿ.ಎಂ.ನಲ್ಲೂ 10,000 ಪಿ.ಪಿ.ಎಂ.ನಲ್ಲೂ ದೊರೆಯುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಆರೂವರೆ ಪಟ್ಟಿಗೂ ಹೆಚ್ಚು ತೀಕ್ಷ್ಣ. ‘ಬೇವಿನೆಣ್ಣೆ ತಾನೆ’ ಎಂದು ಎರಡನ್ನೂ ಒಂದೇ ಮುಚ್ಚಳದಲ್ಲಿ ಅಳೆಯಕೂಡದು. ಯಾವುದೇ ಔಷಧಿಯನ್ನು ಲೀಟರಿಗೆ 2 ಗ್ರಾಂ ಎಂದು ಹೇಳಿದ್ದರೆ 15 ಲೀಟರಿನ ಸಿಂಪರಣಾ ಡಬ್ಬಿಗೆ 30 ಗ್ರಾಂ ತೂಗಿಯೇ ಹಾಕಬೇಕು.

ಬೀಜದ ಚೀಟಿ

ಪ್ರಮಾಣಿತ ಸಂಕರಣ ಮೆಕ್ಕೆಜೋಳದ ಬೀಜಕ್ಕೆ ಶುದ್ಧತೆ ಕನಿಷ್ಠ 98 ಪರ್ಸೆಂಟ್, ಮೊಳಕೆ ಕನಿಷ್ಠ 90 ಪರ್ಸೆಂಟ್ ಇರಬೇಕು. ಇಲ್ಲಿಯೂ ‘ಎಷ್ಟರಲ್ಲಿ’ ಎಂಬುದು ಬೇರೆ ಬೇರೆ. ಶುದ್ಧತೆ ತೂಕದ ಲೆಕ್ಕ, ಮೊಳಕೆ ಕಾಳಿನ ಲೆಕ್ಕ. ನೂರು ಕಾಳು ಎಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಡಿ. ಎಷ್ಟು ಮೊಳೆತವೋ ಅಷ್ಟೇ ಪರ್ಸೆಂಟ್.

ಮಾರಾಟದಲ್ಲಿ ತೇವಾಂಶ

ಬೆಂಬಲ ಬೆಲೆಯ ಖರೀದಿಯಲ್ಲಿ ಮೆಕ್ಕೆಜೋಳದ ತೇವಾಂಶದ ಮಿತಿ ಶೇಕಡಾ 14. ನಿಮ್ಮ ಕಾಳಿನಲ್ಲಿ 18 ಇದೆ ಎನ್ನೋಣ. ಕ್ವಿಂಟಾಲಿಗೆ ಎಷ್ಟು ತೂಕ ಇಳಿಯಬೇಕು? ನಾಲ್ಕು ಕಿಲೋ ಎನ್ನುವುದು ಸರಿಯಲ್ಲ. ನೂರು ಕಿಲೋದಲ್ಲಿ ಒಣ ವಸ್ತು 82 ಕಿಲೋ. ಒಣಗಿದ ಮೇಲೆ ಈ 82 ಕಿಲೋ ಒಟ್ಟು ತೂಕದ ಶೇಕಡಾ 86 ಆಗಬೇಕು. 82ನ್ನು 86ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 95.35 ಕಿಲೋ. ಇಳಿಯುವ ತೂಕ 4.65 ಕಿಲೋ. ಕೊಳ್ಳುವವರು ತೇವಾಂಶದ ಹೆಸರಿನಲ್ಲಿ ಆರೋ ಏಳೋ ಕಿಲೋ ಮುರಿದುಕೊಂಡರೆ ಈ ಲೆಕ್ಕವನ್ನು ಮುಂದಿಟ್ಟು ಕೇಳಿ.

ನೀವೇ ಮಾಡಿ ನೋಡಿ

10:26:26ರ 50 ಕಿಲೋ ಚೀಲದಲ್ಲಿ ಯಾವ ಪೋಷಕಾಂಶ ಎಷ್ಟು ಕಿಲೋ ಇದೆ? ಉತ್ತರ: ಸಾರಜನಕ 5, ರಂಜಕ 13, ಪೊಟ್ಯಾಷ್ 13 ಕಿಲೋ. ಉಳಿದ 19 ಕಿಲೋ ಬೇರೆ ವಸ್ತು.

ಮಣ್ಣು ಪರೀಕ್ಷೆ ಮಾಡಿಸಿ, ನಿಮ್ಮ ಹೊಲದ ಶಿಫಾರಸನ್ನು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಿರಿ. ಶಾಲೆಗೆ ಹೋಗುವ ಮಕ್ಕಳಿಂದ ಚೀಲದ ಮೇಲಿನ ಅಕ್ಷರ ಓದಿಸಿ, ಲೆಕ್ಕ ಬರೆಸಿ. ಅವರಿಗೆ ಪಾಠವೂ ಆಯಿತು, ನಿಮಗೆ ಉಳಿತಾಯವೂ ಆಯಿತು.