ಎರಡನೇ ಮಂಗಳವಾರದ ಮರುದಿನ

ಪ್ರತಿ ತಿಂಗಳ ಎರಡನೇ ಮಂಗಳವಾರ ರಾತ್ರಿ, ನಮ್ಮ ಗಡಿಯಾರದಲ್ಲಿ ಹತ್ತೂವರೆಯ ಹೊತ್ತಿಗೆ, ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಸರ್ವರ್‌ಗಳಿಗೆ ಆ ತಿಂಗಳ ಸೆಕ್ಯುರಿಟಿ ಅಪ್‌ಡೇಟ್ ಬಿಡುಗಡೆ ಮಾಡುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಆಗ ಬೆಳಗಿನ ಹತ್ತು ಗಂಟೆ. ಚಳಿಗಾಲದಲ್ಲಿ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ ನಮಗೆ ಹನ್ನೊಂದೂವರೆಯಾಗುತ್ತದೆ. 2003ರ ಅಕ್ಟೋಬರ್‌ನಲ್ಲಿ ಶುರುವಾದ ಪದ್ಧತಿ ಇದು. ಈ ಕ್ಷೇತ್ರದವರ ಬಾಯಲ್ಲಿ ಇದರ ಹೆಸರು ಪ್ಯಾಚ್ ಟ್ಯೂಸ್‌ಡೇ. ಆದರೆ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಸರ್ವರ್ ನೋಡಿಕೊಳ್ಳುವವರಿಗೆ ಇದು ಬುಧವಾರ ಬೆಳಗಿನ ಕೆಲಸ.

ಹೊಸದಾಗಿ ಈ ಕೆಲಸಕ್ಕೆ ಬಂದವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಅಪ್‌ಡೇಟ್ ಬಂದ ಕೂಡಲೇ ಹಾಕಬೇಕೇ? ಹಾಕಿದ ಮೇಲೆ ಸರ್ವರ್ ಕೆಟ್ಟರೆ ಏನು ಗತಿ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಉತ್ತರ ಹುಡುಕುವುದಕ್ಕೆ ಮೊದಲು ಈ ಅಪ್‌ಡೇಟ್ ಒಳಗೆ ಏನಿರುತ್ತದೆ ಎಂದು ನೋಡೋಣ.

ಅಪ್‌ಡೇಟ್‌ಗೆ ಕೆಬಿ ಎಂದು ಶುರುವಾಗುವ ಒಂದು ನಂಬರ್ ಇರುತ್ತದೆ. ಅದು ಮುಚ್ಚುವ ಒಂದೊಂದು ದೋಷಕ್ಕೂ ಸಿವಿಇ ಎಂಬ ಬೇರೆ ನಂಬರ್. ಕೆಬಿ ಎಂದರೆ ಔಷಧಿಯ ಸೀಸೆ, ಸಿವಿಇ ಎಂದರೆ ರೋಗದ ಹೆಸರು ಎಂದಿಟ್ಟುಕೊಳ್ಳಿ; ಒಂದೇ ಸೀಸೆಯಲ್ಲಿ ಹತ್ತಾರು ರೋಗಗಳಿಗೆ ಮದ್ದು. ಅಪ್‌ಡೇಟ್ ಸಂಚಿತವಾದದ್ದು, ಅಂದರೆ ಈ ತಿಂಗಳದ್ದನ್ನು ಹಾಕಿದರೆ ಹಿಂದಿನ ತಿಂಗಳುಗಳದ್ದೂ ಅದರೊಳಗೇ ಬರುತ್ತದೆ. ನಮಗೆ ಬೇಕಾದ ಒಂದು ಪರಿಹಾರ ಇರಲಿ, ಉಳಿದವು ಬೇಡ ಎಂದು ಆರಿಸಿಕೊಳ್ಳಲು ಬರುವುದಿಲ್ಲ.

ಸರ್ವರ್‌ನಲ್ಲಿ ವಿನ್‌ವರ್ ಎಂಬ ಕಮಾಂಡ್ ಟೈಪ್ ಮಾಡಿ ನೋಡಿ. 2019ರ ಸರ್ವರ್ ಆದರೆ 17763, 2022ರದ್ದಾದರೆ 20348 ಎಂದು ಕಾಣುತ್ತದೆ. ಚುಕ್ಕೆಯ ನಂತರ ಇನ್ನೊಂದು ಸಂಖ್ಯೆ ಇದೆಯಲ್ಲ, ಅದೇ ತಿಂಗಳು ತಿಂಗಳಿಗೆ ಬದಲಾಗುವುದು. ಅಪ್‌ಡೇಟ್ ಹಾಕುವ ಮೊದಲು ಒಮ್ಮೆ, ಹಾಕಿ ರೀಸ್ಟಾರ್ಟ್ ಮಾಡಿದ ಮೇಲೆ ಒಮ್ಮೆ ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ‘ಹಾಕಿದ್ದೇನೆ ಸಾರ್’ ಎನ್ನುವುದಕ್ಕೆ ಅದೇ ಸಾಕ್ಷಿ.

ಈಗ ಮುಖ್ಯ ವಿಷಯ. ಪ್ರತಿ ಕೆಬಿಗೂ ಒಂದು ವಿವರಣೆಯ ಪುಟ ಇರುತ್ತದೆ, ಅದರಲ್ಲಿ ‘ನೋನ್ ಇಶ್ಯೂಸ್’ ಎಂಬ ಭಾಗ ಇರುತ್ತದೆ. ಈ ಅಪ್‌ಡೇಟ್‌ನಿಂದ ಯಾವ ತೊಂದರೆ ಕಾಣಿಸಿಕೊಂಡಿದೆ, ಸದ್ಯಕ್ಕೆ ದಾರಿ ಏನು, ಪೂರ್ತಿ ಪರಿಹಾರ ಬಂದಿದೆಯೇ ಎಂಬುದನ್ನು ತಯಾರಿಸಿದವರೇ ಒಪ್ಪಿಕೊಂಡು ಬರೆಯುವ ಜಾಗ ಅದು. ಬಿಡುಗಡೆಯ ದಿನ ಅಲ್ಲಿ ಎಷ್ಟೋ ಸಲ ‘ಸದ್ಯಕ್ಕೆ ಯಾವ ತೊಂದರೆಯೂ ನಮ್ಮ ಗಮನಕ್ಕೆ ಬಂದಿಲ್ಲ’ ಎಂದಿರುತ್ತದೆ. ಹೊಸಬರು ಇದನ್ನು ‘ತೊಂದರೆ ಇಲ್ಲ’ ಎಂದು ಓದಿಕೊಳ್ಳುತ್ತಾರೆ. ‘ಇನ್ನೂ ಯಾರೂ ಹೇಳಿಲ್ಲ’ ಎಂಬುದಷ್ಟೇ ಅದರ ಅರ್ಥ. ಲೋಕದ ಸರ್ವರ್‌ಗಳೆಲ್ಲ ಅದನ್ನು ಹಾಕಿಕೊಂಡು ಕೆಲಸಕ್ಕೆ ನಿಂತ ಮೇಲೆ ಆ ಪುಟ ತುಂಬತೊಡಗುತ್ತದೆ. ಬುಧವಾರ ಓದಿದವರು ಶುಕ್ರವಾರ ಮತ್ತೆ ಓದಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

2022ರ ಜನವರಿ 11ರ ಅಪ್‌ಡೇಟ್‌ಗಳನ್ನೇ ನೋಡಿ. ಕಚೇರಿಯ ಪ್ರತಿಯೊಬ್ಬರ ಲಾಗಿನ್ ಮತ್ತು ಪಾಸ್‌ವರ್ಡ್ ತಾಳೆ ನೋಡುವ ಸರ್ವರ್‌ಗೆ ಡೊಮೇನ್ ಕಂಟ್ರೋಲರ್ ಎನ್ನುತ್ತಾರೆ. ಅದರೊಳಗೆ ಈ ತಾಳೆಯ ಕೆಲಸ ಮಾಡುವ ಪ್ರೋಗ್ರಾಂ ಎಲ್‌ಸ್ಯಾಸ್. ಅದು ಬಿದ್ದರೆ ವಿಂಡೋಸ್ ಇಡೀ ಸರ್ವರ್ ಅನ್ನೇ ರೀಸ್ಟಾರ್ಟ್ ಮಾಡಿಬಿಡುತ್ತದೆ. ಆ ಜನವರಿಯ ಅಪ್‌ಡೇಟ್ ಹಾಕಿದ ಕೆಲವು ಡೊಮೇನ್ ಕಂಟ್ರೋಲರ್‌ಗಳಲ್ಲಿ ಆದದ್ದು ಇದೇ: ಎದ್ದು ನಿಂತು, ಸ್ವಲ್ಪ ಹೊತ್ತು ಕೆಲಸ ಮಾಡಿ, ಮತ್ತೆ ತಾನಾಗಿಯೇ ರೀಸ್ಟಾರ್ಟ್. ಅದೇ ತಿಂಗಳು 2012 ಆರ್‌2 ಸರ್ವರ್‌ಗೆ ಬಂದ ಕೆಬಿ5009624 ಹಾಕಿದ ಕಡೆ, ಹೈಪರ್-ವಿ ಮೇಲೆ ಓಡುತ್ತಿದ್ದ ವರ್ಚುವಲ್ ಮೆಷಿನ್‌ಗಳು ಕೆಲವೆಡೆ ಶುರುವಾಗಲೇ ಇಲ್ಲ. ಮೈಕ್ರೋಸಾಫ್ಟ್ ಮುಂದಿನ ತಿಂಗಳಿಗೆ ಕಾಯದೆ ಜನವರಿ 17ರಂದೇ ತುರ್ತು ಅಪ್‌ಡೇಟ್ ಕೊಟ್ಟಿತು. ಹೀಗೆ ವೇಳಾಪಟ್ಟಿಯ ಹೊರಗೆ ಬರುವುದನ್ನು ‘ಔಟ್ ಆಫ್ ಬ್ಯಾಂಡ್’ ಎನ್ನುತ್ತಾರೆ.

ಆ ಆರು ದಿನಗಳಲ್ಲಿ ಯಾರಿಗೆ ಹೆಚ್ಚು ಪೆಟ್ಟು ಬಿದ್ದಿರಬಹುದು? ಇದ್ದ ಎರಡೂ ಡೊಮೇನ್ ಕಂಟ್ರೋಲರ್‌ಗಳಿಗೆ ಒಂದೇ ರಾತ್ರಿ ಅಪ್‌ಡೇಟ್ ಹಾಕಿದವರಿಗೆ. ಒಂದಕ್ಕೆ ಹಾಕಿ ಇನ್ನೊಂದನ್ನು ಕೆಲವು ದಿನ ಹಾಗೇ ಬಿಟ್ಟಿದ್ದರೆ, ಕಚೇರಿಯ ಜನ ಬೆಳಿಗ್ಗೆ ಬಂದು ಎಂದಿನಂತೆ ಲಾಗಿನ್ ಆಗುತ್ತಿದ್ದರು. ನನ್ನ ವಿದ್ಯಾರ್ಥಿಗಳಿಗೆ ನಾನು ಹಾಕಿಕೊಟ್ಟಿರುವ ಮೊದಲ ನಿಯಮ ಇದು: ಒಂದೇ ಕೆಲಸ ಮಾಡುವ ಎರಡು ಸರ್ವರ್‌ಗಳನ್ನು ಒಂದೇ ದಿನ ಮುಟ್ಟಬೇಡಿ.

2024ರ ಮಾರ್ಚ್ 12ರದ್ದು ಇನ್ನೊಂದು ಬಗೆ. ಅಂದಿನ ಅಪ್‌ಡೇಟ್ ಹಾಕಿದ ಡೊಮೇನ್ ಕಂಟ್ರೋಲರ್‌ಗಳಲ್ಲಿ ಅದೇ ಎಲ್‌ಸ್ಯಾಸ್ ತೆಗೆದುಕೊಂಡ ಮೆಮೊರಿಯನ್ನು ಹಿಂದಿರುಗಿಸದೆ ಉಬ್ಬುತ್ತಾ ಹೋಯಿತು. ಪ್ರತಿ ಲಾಗಿನ್ ಕೋರಿಕೆಗೂ ಒಂದಿಷ್ಟು ಸೋರಿ, ಕೊನೆಗೆ ಮೆಮೊರಿ ಬರಿದಾಗಿ ಸರ್ವರ್ ರೀಸ್ಟಾರ್ಟ್ ಆಗುತ್ತಿತ್ತು. ಪರಿಹಾರ ಬಂದದ್ದು ಮಾರ್ಚ್ 22ಕ್ಕೆ. ಟೆಸ್ಟ್ ಸರ್ವರ್‌ಗೆ ಅಪ್‌ಡೇಟ್ ಹಾಕಿ, ಎದ್ದು ನಿಂತಿತು ಎಂದು ಹತ್ತು ನಿಮಿಷದಲ್ಲಿ ಕೈತೊಳೆದುಕೊಂಡವರಿಗೆ ಈ ದೋಷ ಕಾಣುವ ಸಂಭವವೇ ಇರಲಿಲ್ಲ. ಅದು ಗೋಚರಿಸಬೇಕಾದರೆ ನಿಜವಾದ ಜನ ನಿಜವಾದ ಕೆಲಸ ಮಾಡಬೇಕು. ಹಾಗಾಗಿ ಮೊದಲು ಹಾಕಿದ ಸರ್ವರ್‌ನ ಮೆಮೊರಿಯನ್ನು ಎರಡು ಮೂರು ದಿನ, ಬೆಳಿಗ್ಗೆ ಸಂಜೆ ಗಮನಿಸಿ.

ಇಷ್ಟು ಕೇಳಿದ ಮೇಲೆ ‘ಹಾಗಾದರೆ ಹಾಕದೇ ಇರುವುದೇ ವಾಸಿ’ ಎಂದು ಅನ್ನಿಸಬಹುದು. ಆ ತೀರ್ಮಾನ ಎಷ್ಟು ದುಬಾರಿ ಎಂದು 2017ರಲ್ಲಿ ಜಗತ್ತು ಕಂಡಿತು. ಫೈಲ್ ಹಂಚಿಕೊಳ್ಳುವ ಎಸ್‌ಎಂಬಿ ವ್ಯವಸ್ಥೆಯ ದೋಷವೊಂದನ್ನು ಮುಚ್ಚುವ ಅಪ್‌ಡೇಟ್ ಆ ವರ್ಷ ಮಾರ್ಚ್ 14ರಂದು ಬಂದಿತ್ತು. ಮೇ 12ರಂದು ಅದೇ ದೋಷದ ಮೂಲಕ ವನ್ನಾಕ್ರೈ ದಾಳಿ ನಡೆಯಿತು. ನಡುವೆ ಇದ್ದದ್ದು 59 ದಿನ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ 236 ಟ್ರಸ್ಟ್‌ಗಳಲ್ಲಿ ಕನಿಷ್ಠ 80ಕ್ಕೆ ತೊಂದರೆ ತಟ್ಟಿತು, ಸಾವಿರಾರು ರೋಗಿಗಳ ಅಪಾಯಿಂಟ್‌ಮೆಂಟ್‌ಗಳು ರದ್ದಾದವು. ಮದ್ದು ಎರಡು ತಿಂಗಳಿಂದ ಕೈಗೆಟುಕುವಂತೆ ಇತ್ತು ಎಂಬುದನ್ನು ನೆನೆದಾಗ ಈಗಲೂ ಸಂಕಟವಾಗುತ್ತದೆ.

ಅಪ್‌ಡೇಟ್ ಬಿಡುಗಡೆಯಾದ ದಿನ ದೋಷ ಎಲ್ಲಿದೆ ಎಂಬುದೂ ಬಯಲಾಗುತ್ತದೆ. ಹಳೆಯ ಫೈಲ್, ಹೊಸ ಫೈಲ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಏನು ಬದಲಾಯಿತು ಎಂದು ತಿಳಿದವರಿಗೆ ಗೊತ್ತಾಗಿಬಿಡುತ್ತದೆ. ಹೀಗಾಗಿ ಹಾಕದೆ ಕುಳಿತವರ ಅಪಾಯ ದಿನದಿಂದ ದಿನಕ್ಕೆ ಏರುತ್ತದೆ.

ಹಾಗಾದರೆ ಎಷ್ಟು ದಿನ ಕಾಯಬಹುದು? ನನ್ನ ಲೆಕ್ಕ ಹೇಳುತ್ತೇನೆ. ಸಿವಿಇ ಪಟ್ಟಿಯಲ್ಲಿ ‘ಈಗಾಗಲೇ ದಾಳಿಗೆ ಬಳಕೆಯಾಗಿದೆ’ ಎಂಬ ಗುರುತಿದ್ದು, ಆ ಭಾಗ ನಿಮ್ಮ ಸರ್ವರ್‌ನಲ್ಲಿ ಬಳಕೆಯಲ್ಲಿದ್ದರೆ ಕಾಯುವ ಮಾತೇ ಇಲ್ಲ. ಇಂಟರ್ನೆಟ್‌ಗೆ ನೇರವಾಗಿ ತೆರೆದಿರುವ ಸರ್ವರ್‌ಗೂ ಹಾಗೆಯೇ. 2025ರ ಅಕ್ಟೋಬರ್‌ನಲ್ಲಿ, ಅಪ್‌ಡೇಟ್‌ಗಳನ್ನು ಹಂಚುವ ಡಬ್ಲ್ಯುಎಸ್‌ಯುಎಸ್ ಎಂಬ ಸರ್ವರ್ ಸೇವೆಯಲ್ಲೇ ಗಂಭೀರ ದೋಷ ಸಿಕ್ಕಿತ್ತು. 14ರಂದು ಕೊಟ್ಟ ಪರಿಹಾರ ಸಾಲದೆ 23ರಂದು ತುರ್ತು ಅಪ್‌ಡೇಟ್ ಬಂತು. ಅಂಥದ್ದನ್ನು ಅದೇ ದಿನ ಹಾಕಬೇಕು. ಉಳಿದವಕ್ಕೆ ಬುಧವಾರ ಟೆಸ್ಟ್ ಸರ್ವರ್, ವಾರದ ಕೊನೆಗೆ ಜೋಡಿಯಲ್ಲೊಂದು, ಮುಂದಿನ ವಾರ ಇನ್ನೊಂದು. ಎರಡು ವಾರ ದಾಟಬಾರದು.

ನೋನ್ ಇಶ್ಯೂಸ್ ಪಟ್ಟಿಯಲ್ಲಿ ನಾಲ್ಕು ತೊಂದರೆ ಇದೆ ಎಂದು ಹೆದರಿ ಹಿಂದೆ ಸರಿಯುವುದೂ ತಪ್ಪು. ನಿಮ್ಮ ಕಚೇರಿಯಲ್ಲಿ ಹೈಪರ್-ವಿ ಇಲ್ಲವೆಂದರೆ ಹೈಪರ್-ವಿ ತೊಂದರೆ ನಿಮ್ಮದಲ್ಲ. ಯಾವ ಸರ್ವರ್ ಯಾವ ಕೆಲಸ ಮಾಡುತ್ತಿದೆ ಎಂಬ ಪಟ್ಟಿ ನಿಮ್ಮಲ್ಲಿದ್ದರೆ, ಎರಡನ್ನೂ ತಾಳೆ ನೋಡಲು ಹತ್ತು ನಿಮಿಷ ಸಾಕು.

ಹಾಕುವ ಮುನ್ನ ಬ್ಯಾಕಪ್ ಇರಲಿ, ಅದರಿಂದ ಒಮ್ಮೆಯಾದರೂ ರೀಸ್ಟೋರ್ ಮಾಡಿ ನೋಡಿರಲಿ. ಡೊಮೇನ್ ಕಂಟ್ರೋಲರ್‌ಗೆ ಬರೀ ಸ್ನ್ಯಾಪ್‌ಶಾಟ್ ನೆಚ್ಚಿಕೊಳ್ಳದೆ ಸಿಸ್ಟಂ ಸ್ಟೇಟ್ ಬ್ಯಾಕಪ್ ತೆಗೆದಿಡಿ. ಅಪ್‌ಡೇಟ್ ವಾಪಸ್ ತೆಗೆಯುವ ವಿಧಾನವನ್ನೂ ಟೆಸ್ಟ್ ಸರ್ವರ್‌ನಲ್ಲಿ ಮೊದಲೇ ರೂಢಿ ಮಾಡಿಕೊಳ್ಳಿ. ಈಗಿನ ಒಟ್ಟು ಪ್ಯಾಕೇಜ್‌ಗಳಿಗೆ ಹಳೆಯ ವುಸಾ ಕಮಾಂಡ್ ನಡೆಯುವುದಿಲ್ಲ, ಡಿಸ್ಮ್ ಬಳಸಬೇಕು. ರಾತ್ರಿ ಎರಡು ಗಂಟೆಗೆ ಇದನ್ನು ಕಲಿಯುವ ಪರಿಸ್ಥಿತಿ ನಿಮಗೆ ಬರಬಾರದು.

ಬರುವ ಎರಡನೇ ಮಂಗಳವಾರದ ಮರುದಿನ, ಇನ್‌ಸ್ಟಾಲ್ ಒತ್ತುವ ಮೊದಲು, ನಿಮ್ಮ ಸರ್ವರ್‌ನ ಕೆಬಿ ಪುಟ ತೆರೆದು ನೋನ್ ಇಶ್ಯೂಸ್ ಭಾಗವನ್ನು ಪೂರ್ತಿ ಓದಿ. ಶುಕ್ರವಾರ ಅದೇ ಪುಟವನ್ನು ಮತ್ತೊಮ್ಮೆ ತೆರೆಯಿರಿ.