ಹೆಸರಿಗೆ ತಕ್ಕ ಪಾದರಕ್ಷೆ

ಕಾಲಿಗೆ ಹಾಕುವುದಕ್ಕೆ ಕನ್ನಡದಲ್ಲಿ ಹಲವು ಹೆಸರುಗಳಿವೆ: ಚಪ್ಪಲಿ, ಜೋಡು, ಎಕ್ಕಡ, ಮೆಟ್ಟು. ‘ಮೆಟ್ಟು’ ಎಂದರೆ ತುಳಿ. ಮೆಟ್ಟಿ ನಡೆಯುವುದೇ ಮೆಟ್ಟು. ‘ಪಾದರಕ್ಷೆ’ ಎಂದರೆ ಪಾದವನ್ನು ಕಾಯುವಂಥದ್ದು. ಈ ಹೆಸರಿಗೆ ಸರಿಯಾಗಿ ಒಪ್ಪುವುದು, ಇಲ್ಲಿ ಗಲ್ಫ್‌ನಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವವರ ಸೇಫ್ಟಿ ಶೂ.

ಅದರಲ್ಲಿ ಬೆರಳುಗಳ ಮೇಲೆ ಉಕ್ಕಿನ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಟೋಪಿಯಿರುತ್ತದೆ. ಐಎಸ್ಒ 20345 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ ಅದು 200 ಜೌಲ್ ಹೊಡೆತ ತಾಳಬೇಕು. ಅಂದರೆ 20 ಕಿಲೋ ಭಾರ ಸುಮಾರು 1 ಮೀಟರ್ ಎತ್ತರದಿಂದ ಬಿದ್ದಷ್ಟು! ಕೆಲವು ಶೂಗಳ ಅಟ್ಟೆಯೊಳಗೆ ಮೊಳೆ ಚುಚ್ಚದಂತೆ ತಗಡೂ ಇರುತ್ತದೆ.

ಆದರೆ ಒಮ್ಮೆ ದೊಡ್ಡ ಭಾರ ಬಿದ್ದ ಶೂವನ್ನು ಮತ್ತೆ ಹಾಕಬಾರದು. ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಟೋಪಿ ಬಗ್ಗಿರಬಹುದು. ಊರಿಗೆ ಹಣ ಕಳಿಸುವ ಅವಸರದಲ್ಲಿ ದೊಡ್ಡವರು “ಇನ್ನೂ ಬಾಳಿಕೆ ಬರುತ್ತದೆ ಬಿಡು” ಎನ್ನುವುದುಂಟು. ಶೂ ಮತ್ತೆ ಸಿಗುತ್ತದೆ, ಬೆರಳು ಸಿಗುವುದಿಲ್ಲ.

ಬಾಗಿಲ ಬಳಿ ಧೂಳು ಹಿಡಿದ ಅಂಥ ಶೂ ಇದ್ದರೆ ಸ್ನೇಹಿತರೆದುರು ನಾಚಬೇಡಿ. ನಿಮ್ಮ ಶಾಲೆಯ ಫೀಸು ಆ ಹೆಜ್ಜೆಗಳಿಂದಲೇ ಬಂದದ್ದು.

ಅಭ್ಯಾಸ:
1. ‘ರಕ್ಷೆ’ ಅಥವಾ ‘ರಕ್ಷಕ’ ಸೇರಿದ ಎರಡು ಪದಗಳನ್ನು ಬರೆಯಿರಿ.
2. ಇಂದು ಸಂಜೆ ಅಪ್ಪನ ಶೂ ತಿರುಗಿಸಿ ಅಟ್ಟೆ ನೋಡಿ. ಸವೆದಿದ್ದರೆ ಅವರಿಗೆ ಹೇಳಿ, ಕನ್ನಡದಲ್ಲೇ!