ಕರಡಿಗೆ ದಾರಿ ಬಿಡಿ

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮದ ಅಂಚಿನ ಊರುಗಳವರಿಗೊಂದು ಮಾತು. ಸೀತಾಫಲದ ಆಸೆಗೆ ನಸುಕಿನಲ್ಲೇ ಗುಡ್ಡದ ಕಡೆ ಹೊರಡಬೇಡಿ. ಆ ಹಣ್ಣಿಗೆ ನಿಮಗಿಂತ ಮೊದಲ ಗಿರಾಕಿ ಕರಡಿ. ಅದರ ಮೂಗು ಚುರುಕು, ಕಣ್ಣು ಮಂದ. ಸದ್ದಿಲ್ಲದೆ ಎದುರಾದರೆ ಬೆದರಿ ಮೇಲೆರಗುತ್ತದೆ. ಬಿಸಿಲೇರಿದ ಮೇಲೆ, ಜೊತೆಗೂಡಿ, ಮಾತಾಡುತ್ತಾ ಹೋಗಿ. ಶೇಂಗಾ ಹೊಲಕ್ಕೆ ಬಂದ ಕರಡಿಯನ್ನು ಮೊಬೈಲ್ ಹಿಡಿದು ಸುತ್ತುವರಿಯುವ ಹುಡುಗರೂ ಕೇಳಿಸಿಕೊಳ್ಳಲಿ: ಓಡಲು ದಾರಿ ಸಿಗದ ಕರಡಿ ತಿರುಗಿ ಬೀಳುವುದು ನಿಮ್ಮ ಮೇಲೇ. ಬೇಲಿಗೆ ಕರೆಂಟ್ ಕೊಡುವುದಂತೂ ಬೇಡವೇ ಬೇಡ. ರಾತ್ರಿ ನೀರು ಕಟ್ಟಲು ಬಂದ ಪಕ್ಕದ ಹೊಲದವನೂ ಅದಕ್ಕೆ ಸಿಕ್ಕಾನು. ಕರಡಿ ಸತ್ತರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜೈಲೂ ಆದೀತು. ಬೆಳೆ ಹಾಳಾದರೆ ಫೋಟೊ ತೆಗೆದು, ಪಹಣಿ ಹಿಡಿದು ಅರಣ್ಯ ಇಲಾಖೆಗೆ ಅರ್ಜಿ ಕೊಡಿ. ಪರಿಹಾರ ತಡವಾದೀತು, ಕೇಳುವುದನ್ನು ಮಾತ್ರ ಬಿಡಬೇಡಿ.